ತೊಟ್ಟಿಮನೆಯ ಬಿಸಿಲು, ಪಡಸಾಲೆಯ ಕತ್ತಲು: ಎಚ್‌ಡಿಆರ್ ಚಿತ್ರ ತೆಗೆಯುವ ಸಮಗ್ರ ಮಾರ್ಗದರ್ಶಿ

ಮಲೆನಾಡಿನ ಹಳೆಯ ತೊಟ್ಟಿಮನೆಯ ಪಡಸಾಲೆಯಲ್ಲಿ ಕುಳಿತು ನಡುವಿನ ಅಂಗಳದತ್ತ ಕ್ಯಾಮೆರಾ ಹಿಡಿದವರಿಗೆಲ್ಲ ಈ ಪೇಚಾಟ ಗೊತ್ತು. ಅಂಗಳದಲ್ಲಿ ಬಿಳಿ ಪಂಚೆಯ ಮೇಲೆ ಒಣಹಾಕಿದ ಹಲಸಿನ ಹಪ್ಪಳ ಚೆನ್ನಾಗಿ ಬಂದರೆ ಸುತ್ತಲಿನ ಮರದ ಕಂಬಗಳು ಇದ್ದಿಲಾಗುತ್ತವೆ. ಕಂಬದ ಕೆತ್ತನೆ ಕಾಣಲಿ ಎಂದು ಬೆಳಕು ಏರಿಸಿದರೆ ಅಂಗಳವೆಲ್ಲ ಸುಣ್ಣ ಸುರಿದ ಹಾಗೆ ಬೆಳ್ಳಗಾಗುತ್ತದೆ. ಹಪ್ಪಳವೂ ಇಲ್ಲ, ತುಳಸಿಕಟ್ಟೆಯೂ ಇಲ್ಲ. ಅಲ್ಲೇ ಕುಳಿತ ನಮ್ಮ ಕಣ್ಣಿಗೆ ಮಾತ್ರ ಎರಡೂ ಕಾಣುತ್ತಿರುತ್ತವೆ. ಅಂಗಳ ನೋಡುವಾಗ ಪಾಪೆ ಕಿರಿದಾಗುತ್ತದೆ, ಮೂಲೆ ನೋಡುವಾಗ ಹಿಗ್ಗುತ್ತದೆ, ಮಿದುಳು ಎರಡನ್ನೂ ಹೊಲಿದು ಒಂದೇ ನೋಟ ಮಾಡಿಕೊಡುತ್ತದೆ. ಹೈ ಡೈನಮಿಕ್ ರೇಂಜ್, ಅಂದರೆ ಎಚ್‌ಡಿಆರ್ ಛಾಯಾಗ್ರಹಣದಲ್ಲಿ ಆ ಹೊಲಿಗೆಯನ್ನು ನಾವೇ ಹಾಕಬೇಕು. ಬೇರೆಬೇರೆ ಬೆಳಕಿನ ಮಟ್ಟದಲ್ಲಿ ಹಲವು ಚಿತ್ರ ತೆಗೆದು, ಪ್ರತಿಯೊಂದರಲ್ಲೂ ಚೆನ್ನಾಗಿ ಬಂದ ಭಾಗವನ್ನು ಒಂದುಗೂಡಿಸುವುದು.

ಇಲ್ಲಿ ಒಂದೇ ಮನೆ, ಒಂದೇ ಚಿತ್ರ ಇಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ಹೇಳುತ್ತೇನೆ. ಮನೆ ನಮ್ಮ ದೊಡ್ಡಪ್ಪನದು. ಹೊತ್ತು, ಬೇಸಿಗೆಯ ಬೆಳಿಗ್ಗೆ 11 ಗಂಟೆ.

ಮೊದಲು ಬೆಳಕಿನ ಲೆಕ್ಕ

ಈ ಲೆಕ್ಕ ಬಾರದೆಯೂ ಎಚ್‌ಡಿಆರ್ ಮಾಡಬಹುದು. ಆದರೆ ಎಷ್ಟು ಚಿತ್ರ ತೆಗೆಯಬೇಕು ಎಂಬುದು ಆಗ ಕಣ್ಣುಕಟ್ಟಿ ಕಾಯಿ ಎಸೆದಂತೆ.

ಬೆಳಕು ಇಮ್ಮಡಿಯಾದರೆ ಒಂದು ಸ್ಟಾಪ್ ಏರಿತು, ಅರ್ಧವಾದರೆ ಒಂದು ಸ್ಟಾಪ್ ಇಳಿಯಿತು ಎನ್ನುತ್ತಾರೆ. ಬೀಳುವ ಬೆಳಕನ್ನು ಅಳೆಯುವ ಮಾನ ಲಕ್ಸ್. ನೇರ ಬಿಸಿಲಿನ ಬೆಳಕು ಸುಮಾರು 1 ಲಕ್ಷ ಲಕ್ಸ್. ಪಡಸಾಲೆಯ ನಡುವೆ 100 ಲಕ್ಸ್ ಇದೆ ಎಂದುಕೊಳ್ಳಿ. ಸಾವಿರ ಪಟ್ಟು ವ್ಯತ್ಯಾಸ. ಎರಡನ್ನು ಹತ್ತು ಸಲ ಗುಣಿಸಿದರೆ 1,024 ಬರುವುದರಿಂದ ಇದು ಹೆಚ್ಚುಕಡಿಮೆ 10 ಸ್ಟಾಪ್. ಇದಿಷ್ಟೇ ಅಲ್ಲ. ಬಿಳಿ ಪಂಚೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 80ರಷ್ಟನ್ನು ಹಿಂದಿರುಗಿಸಿದರೆ, ಹೊಗೆ ಹಿಡಿದ ಹಳೆಯ ಮರ ಶೇ. 5ರಷ್ಟನ್ನು ಹಿಂದಿರುಗಿಸೀತು. ಅದು ಹದಿನಾರು ಪಟ್ಟು, ಮತ್ತೆ 4 ಸ್ಟಾಪ್. ಒಟ್ಟು 14 ಆಯಿತು. ಅಟ್ಟದ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಬೆಳಕು 10 ಲಕ್ಸ್‌ಗೆ ಇಳಿದರೆ ಇನ್ನೂ 3 ಸೇರಿ 17.

ಈಗಿನ ಒಳ್ಳೆಯ ಸೆನ್ಸರ್ (ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಭಾಗ) ಒಂದು ಚಿತ್ರದಲ್ಲಿ ಹಿಡಿಯುವುದು 12ರಿಂದ 14 ಸ್ಟಾಪ್. ಅದರಲ್ಲೂ ತಳದ ಎರಡು ಮೂರು ಸ್ಟಾಪ್‌ಗಳಲ್ಲಿ ಚಿತ್ರಕ್ಕಿಂತ ಮರಳಿನಂತಹ ಚುಕ್ಕೆಗಳೇ, ಅಂದರೆ ನಾಯ್ಸ್ ಹೆಚ್ಚು. ಅಲ್ಲಿಗೆ ಒಂದು ಚಿತ್ರ ಸಾಲದು.

ಇದೇ ಲೆಕ್ಕ ಎಚ್‌ಡಿಆರ್ ಎಲ್ಲಿ ಬೇಡ ಎಂದೂ ಹೇಳುತ್ತದೆ. ಆಗುಂಬೆಯ ಮಂಜಿನಲ್ಲಿ, ಮಳೆಗಾಲದ ಮೋಡದ ಬೆಳಕಿನಲ್ಲಿ ಇಡೀ ದೃಶ್ಯ ಏಳೆಂಟು ಸ್ಟಾಪ್ ಒಳಗೇ ಇರುತ್ತದೆ. ಅಲ್ಲಿ ಐದು ಚಿತ್ರ ತೆಗೆದು ಬೆಸೆಯುವುದು ದಂಡ. ಒಂದು ರಾ ಕಡತ (ಸೆನ್ಸರ್ ಹಿಡಿದದ್ದನ್ನು ಹಾಗೆಯೇ ಉಳಿಸುವ ಕಡತ) ಸಾಕು. ತೊಟ್ಟಿಮನೆಯಲ್ಲೂ ಬೆಳಿಗ್ಗೆ ಏಳೂವರೆಗೆ, ಅಂಗಳಕ್ಕೆ ನೇರ ಬಿಸಿಲು ಇಳಿಯುವ ಮುಂಚೆ ಹೋದರೆ ಅರ್ಧ ಸಮಸ್ಯೆ ತಾನಾಗಿಯೇ ಹೋಗುತ್ತದೆ. ನನಗೆ ಬೇಕಾಗಿದ್ದದ್ದು ಹಪ್ಪಳ ಒಣಗುವ ಬಿಸಿಲೇ ಆದ್ದರಿಂದ ಆ ಸುಲಭದ ದಾರಿ ಇರಲಿಲ್ಲ.

ಅಂದಹಾಗೆ, ಈ ಉಪಾಯ ಕಂಪ್ಯೂಟರ್‌ಗಿಂತ ಬಹಳ ಹಳೆಯದು. 1850ರ ದಶಕದಲ್ಲಿ ಫ್ರಾನ್ಸಿನ ಛಾಯಾಗ್ರಾಹಕ ಗುಸ್ತಾವ್ ಲ ಗ್ರೇ ಸಮುದ್ರಕ್ಕೆ ಒಂದು, ಆಕಾಶಕ್ಕೆ ಒಂದು ನೆಗೆಟಿವ್ ಬಳಸಿ ಎರಡನ್ನೂ ಒಂದೇ ಕಾಗದದ ಮೇಲೆ ಮುದ್ರಿಸುತ್ತಿದ್ದರು. ಡಿಜಿಟಲ್ ವಿಧಾನಕ್ಕೆ ಗಟ್ಟಿ ಬುನಾದಿ ಸಿಕ್ಕಿದ್ದು 1997ರಲ್ಲಿ, ಕಂಪ್ಯೂಟರ್ ವಿಜ್ಞಾನಿಗಳಾದ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ ಪ್ರಕಟಿಸಿದ ಪ್ರಬಂಧದಿಂದ. ಬೇರೆಬೇರೆ ಎಕ್ಸ್‌ಪೋಷರ್‌ನ, ಅಂದರೆ ಕ್ಯಾಮೆರಾದೊಳಗೆ ಬಿಟ್ಟ ಬೆಳಕು ಬೇರೆಬೇರೆಯಾಗಿರುವ, ಚಿತ್ರಗಳಿಂದ ದೃಶ್ಯದ ನಿಜವಾದ ಬೆಳಕಿನ ಪ್ರಮಾಣವನ್ನು ಮರಳಿ ಲೆಕ್ಕ ಹಾಕುವ ಕ್ರಮವನ್ನು ಅವರು ತೋರಿಸಿದರು. ಟಿವಿ ಅಂಗಡಿಯವರು ಹೇಳುವ ಎಚ್‌ಡಿಆರ್ ಪರದೆಯ ಹೊಳಪಿಗೆ ಸಂಬಂಧಿಸಿದ ಬೇರೆ ಸಂಗತಿ. ಗೊಂದಲ ಬೇಡ.

ಬೇಕಾಗುವ ಸಾಮಾನು

ಷಟರ್ ವೇಗವನ್ನು, ಅಂದರೆ ಬೆಳಕು ಒಳಬರುವ ಹೊತ್ತನ್ನು, ಕೈಯಾರೆ ಬದಲಿಸಲು ಬಿಡುವ ಯಾವುದಾದರೂ ಕ್ಯಾಮೆರಾ, ಅಲುಗದ ಟ್ರೈಪಾಡ್, ಕಂಪ್ಯೂಟರ್. ರಿಮೋಟ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕ್ಯಾಮೆರಾದ 2 ಸೆಕೆಂಡಿನ ಟೈಮರ್ ಆ ಕೆಲಸ ಮಾಡುತ್ತದೆ.

ಟ್ರೈಪಾಡ್ ವಿಷಯದಲ್ಲಿ ಜಿಪುಣತನ ಬೇಡ. ತೀರಾ ಹಗುರವಾದದ್ದೇ ಇದ್ದರೆ ನಡುಗಂಬದ ಕೊಕ್ಕೆಗೆ ಚೀಲ ತೂಗುಹಾಕಿ. ಹಳೆಯ ಮನೆಗಳಲ್ಲಿ ಇನ್ನೊಂದು ತೊಂದರೆಯಿದೆ: ಉಪ್ಪರಿಗೆಯ ನೆಲ ಹಲಗೆಯದು. ನೀವು ಉಸಿರು ಬಿಗಿಹಿಡಿದು ನಿಂತಿದ್ದರೂ ಆ ತುದಿಯಲ್ಲಿ ಯಾರೋ ನಾಲ್ಕು ಹೆಜ್ಜೆ ಇಟ್ಟರೆ ಟ್ರೈಪಾಡ್ ನಡುಗುತ್ತದೆ. ಕೆಳಗಿನ ಗಟ್ಟಿ ನೆಲವೇ ವಾಸಿ.

ಕ್ಯಾಮೆರಾದಲ್ಲಿ ಏನೇನು ಕಟ್ಟಿಹಾಕಬೇಕು

ಒಂದು ಚಿತ್ರದಿಂದ ಇನ್ನೊಂದಕ್ಕೆ ಬದಲಾಗಬೇಕಾದದ್ದು ಷಟರ್ ವೇಗ ಮಾತ್ರ. ಮಿಕ್ಕಿದ್ದೆಲ್ಲ ಕಲ್ಲಿನಂತೆ ಇರಬೇಕು. ಸ್ವಯಂಚಾಲಿತ ಎಂದು ಹೆಸರಿರುವ ಪ್ರತಿಯೊಂದೂ ಇಲ್ಲಿ ನಿಮ್ಮ ಶತ್ರು.

ಚಿತ್ರದ ಗುಣಮಟ್ಟವನ್ನು ರಾ ಮಾಡಿ. ಮೋಡ್ ಡಯಲ್ ಮ್ಯಾನುಯಲ್‌ಗೆ ತಿರುಗಿಸಿ. ಅಪರ್ಚರ್, ಅಂದರೆ ಲೆನ್ಸಿನ ತೂತು, ಎಫ್/8 ಇರಲಿ (ಅಂಕಿ ಕಿರಿದಾದಷ್ಟೂ ತೂತು ದೊಡ್ಡದು). ಮುಂದಿನ ಕಂಬದಿಂದ ಎದುರಿನ ಗೋಡೆಯವರೆಗೆ ಎಲ್ಲವೂ ಹರಿತವಾಗಿ ಬರಲು ಅದು ಸಾಮಾನ್ಯವಾಗಿ ಸಾಕು. ಅಪರ್ಚರ್ ಬದಲಿಸಿ ಬೆಳಕು ಹೊಂದಿಸಲು ಹೋಗಬೇಡಿ. ಅದು ಬದಲಾದರೆ ಮಸುಕು ಎಲ್ಲಿ ಶುರುವಾಗುತ್ತದೆ ಎಂಬುದೂ ಬದಲಾಗಿ, ಚಿತ್ರಗಳು ಒಂದರ ಮೇಲೊಂದು ಕೂರುವುದಿಲ್ಲ.

ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಎಂದು ಹೇಳುವ ಐಎಸ್‌ಒ 100. ಇದನ್ನು ಸ್ವಯಂಚಾಲಿತದಿಂದ ತಪ್ಪದೇ ತೆಗೆದುಹಾಕಿ. ಮೊದಲ ಸಲ ನಾನು ಮಾಡಿದ ಎಡವಟ್ಟು ಇದೇ. ಮ್ಯಾನುಯಲ್ ಮೋಡ್‌ನಲ್ಲಿ ಇದ್ದೇನಲ್ಲ ಎಂಬ ಧೈರ್ಯದಲ್ಲಿ ಷಟರ್ ವೇಗವನ್ನು ಶ್ರದ್ಧೆಯಿಂದ ಬದಲಿಸುತ್ತಾ ಹೋದೆ. ಕ್ಯಾಮೆರಾ ನನಗಿಂತ ಶ್ರದ್ಧೆಯಿಂದ ಐಎಸ್‌ಒ ಬದಲಿಸಿ ಸರಿದೂಗಿಸುತ್ತಾ ಬಂತು. ಸಂಜೆ ಕಂಪ್ಯೂಟರಿನಲ್ಲಿ ತೆರೆದರೆ ಎಲ್ಲ ಚಿತ್ರಗಳೂ ಒಂದೇ ಬೆಳಕಿನವು, ಅವಳಿಜವಳಿಗಳ ಹಾಗೆ.

ಬಣ್ಣದ ಛಾಯೆ ಹೊಂದಿಸುವ ವೈಟ್ ಬ್ಯಾಲೆನ್ಸ್ ಅನ್ನು ಹಗಲುಬೆಳಕಿಗೆ ನಿಲ್ಲಿಸಿ. ಬೇಕಾದರೆ ರಾ ಕಡತದಲ್ಲಿ ಆಮೇಲೆ ಬದಲಿಸಬಹುದು, ಆದರೆ ಎಲ್ಲ ಚಿತ್ರಗಳೂ ಒಂದೇ ತೆರನಾಗಿರಲಿ. ಫೋಕಸ್ ಅನ್ನು ಎರಡನೆಯ ಸಾಲಿನ ಕಂಬದ ಮೇಲೆ ಹಿಡಿದು, ನಂತರ ಲೆನ್ಸಿನ ಗುಂಡಿಯನ್ನು ಮ್ಯಾನುಯಲ್‌ಗೆ ಸರಿಸಿಬಿಡಿ. ಇಲ್ಲದಿದ್ದರೆ ಕತ್ತಲ ಚಿತ್ರದಲ್ಲಿ ಕ್ಯಾಮೆರಾ ಫೋಕಸ್ ಹುಡುಕಿಕೊಂಡು ಊರೆಲ್ಲ ಸುತ್ತುತ್ತದೆ. ಟ್ರೈಪಾಡ್ ಮೇಲಿರುವಾಗ ಲೆನ್ಸಿನ ಅಲುಗಾಟ ತಡೆಯುವ ಸೌಲಭ್ಯವನ್ನು ಆಫ್ ಮಾಡಿಡಿ. ದೀರ್ಘ ಎಕ್ಸ್‌ಪೋಷರ್‌ನ ನಾಯ್ಸ್ ತಗ್ಗಿಸುವ ಆಯ್ಕೆಯನ್ನೂ ಆಫ್ ಮಾಡಿ. ಅದು ಉದ್ದದ ಚಿತ್ರವಾದ ಮೇಲೆ ಅಷ್ಟೇ ಹೊತ್ತು ಸುಮ್ಮನೆ ಕೂತು ಸಮಯ ತಿನ್ನುತ್ತದೆ. ಅಷ್ಟರಲ್ಲಿ ಬಿಸಿಲು ಕದಲಿರುತ್ತದೆ.

ಎರಡು ತುದಿ ಹುಡುಕುವುದು

ಮೊದಲು ಕಡಿಮೆ ಬೆಳಕಿನ ತುದಿ. ಷಟರ್ 1/500 ಸೆಕೆಂಡಿಗೆ ಇಟ್ಟು ಒಂದು ಚಿತ್ರ ತೆಗೆಯಿರಿ. ಬಿಸಿಲಿನಲ್ಲಿ ಐಎಸ್‌ಒ 100, ಎಫ್/16 ಇದ್ದಾಗ ಸುಮಾರು 1/125 ಸರಿಹೋಗುತ್ತದೆ ಎಂಬ ಹಳೆಯ ರೂಢಿಯಿದೆ. ಎಫ್/8ಕ್ಕೆ ಬಂದರೆ ಎರಡು ಸ್ಟಾಪ್ ಬೆಳಕು ಹೆಚ್ಚು, ಆದ್ದರಿಂದ 1/500. ಈಗ ಪರದೆಯ ಚಿತ್ರ ನೋಡಬೇಡಿ, ಹಿಸ್ಟೋಗ್ರಾಮ್ ನೋಡಿ. ಎಡದಲ್ಲಿ ಕತ್ತಲು, ಬಲದಲ್ಲಿ ಬಿಳುಪು ಎಷ್ಟಿದೆ ಎಂದು ತೋರಿಸುವ, ಗುಡ್ಡದಂತಿರುವ ಆ ನಕ್ಷೆ ಬಲಗಡೆಯ ಗೋಡೆಗೆ ಒರಗಿ ನಿಂತಿರಬಾರದು. ಒರಗಿದ್ದರೆ 1/1000ಕ್ಕೆ ಹೋಗಿ. ಹಿತ್ತಾಳೆ ಚೊಂಬಿನ ಮೇಲಿನ ಸೂರ್ಯನ ಚುಕ್ಕೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಅದು ಕಣ್ಣಿಗೂ ಕೋರೈಸುವಂಥದ್ದು, ಚಿತ್ರದಲ್ಲೂ ಬೆಳ್ಳಗೇ ಇರಲಿ. ಪಂಚೆಯ ನೇಯ್ಗೆ ಉಳಿದಿದೆಯೇ ಎಂದು ಹಿಗ್ಗಿಸಿ ನೋಡಿ, ಅಷ್ಟು ಸಾಕು.

ಇನ್ನು ಆಚೆಯ ತುದಿ. 2 ಸೆಕೆಂಡಿಗೆ ಇಟ್ಟು ತೆಗೆಯಿರಿ. ಅಂಗಳ ಪೂರ್ತಿ ಬೆಳ್ಳಗೆ ಸುಟ್ಟುಹೋಗಿರುತ್ತದೆ, ಚಿಂತೆಯಿಲ್ಲ. ಹಿಸ್ಟೋಗ್ರಾಮಿನ ಎಡಗಡೆಯ ಗೋಡೆಗೆ ಏನೂ ಅಂಟಿಕೊಂಡಿರದಿದ್ದರೆ ಕಂಬದ ಬೋದಿಗೆ, ಗೋಡೆಯ ಗೂಡು, ಮೆಟ್ಟಿಲು ಎಲ್ಲದರ ವಿವರವೂ ಕಡತಕ್ಕೆ ಸೇರಿದೆ ಎಂದರ್ಥ.

ತುದಿಗಳು ಸಿಕ್ಕ ಮೇಲೆ ನಡುವಿನ ಮೆಟ್ಟಿಲು ಕಟ್ಟುವುದು ಸುಲಭ. ಎರಡೆರಡು ಸ್ಟಾಪ್ ಅಂತರದಲ್ಲಿ 1/500, 1/125, 1/30, 1/8, 1/2, ಮತ್ತೆ 2 ಸೆಕೆಂಡ್. ಒಟ್ಟು ಆರು ಚಿತ್ರ. ಹೆಚ್ಚಿನ ಕ್ಯಾಮೆರಾಗಳಲ್ಲಿ ಡಯಲಿನ ಮೂರು ಟಿಕ್ಕಿಗೆ ಒಂದು ಸ್ಟಾಪ್, ಆದ್ದರಿಂದ ಪ್ರತಿ ಸಲ ಆರು ಟಿಕ್. ರಾ ಕಡತಗಳಿಗೆ ಮೂರೋ ನಾಲ್ಕೋ ಚಿತ್ರವೇ ಸಾಕು ಎನ್ನುವವರಿದ್ದಾರೆ, ಅದು ಸುಳ್ಳೂ ಅಲ್ಲ. ಆದರೆ ಕಾರ್ಡಿನಲ್ಲಿ ಜಾಗವಿದೆ, ದೊಡ್ಡಪ್ಪನ ಮನೆಗೆ ಬಸ್ ದಿನಕ್ಕೆ ಎರಡೇ. ನಾನು ಆರೂ ತೆಗೆಯುತ್ತೇನೆ.

ಕೈಯಾರೆ ತಿರುಗಿಸುವಾಗ ಕ್ಯಾಮೆರಾ ಅಲುಗುವ ಭಯವಿದ್ದರೆ, ಬೇರೆಬೇರೆ ಬೆಳಕಿನ ಚಿತ್ರಗಳನ್ನು ಕ್ಯಾಮೆರಾವೇ ಸಾಲಾಗಿ ತೆಗೆಯುವ ಆಟೋ ಎಕ್ಸ್‌ಪೋಷರ್ ಬ್ರ್ಯಾಕೆಟಿಂಗ್ ಬಳಸಿ. ಕ್ಯಾನನ್‌ನಲ್ಲಿ ಇದರ ಹೆಸರು ಎಇಬಿ. ನಿಕಾನ್‌ನ ಹಲವು ಮಾದರಿಗಳಲ್ಲಿ ಬಿಕೆಟಿ ಎಂದು ಬರೆದ ಗುಂಡಿಯಿರುತ್ತದೆ. ಸೋನಿಯಲ್ಲಿ ಡ್ರೈವ್ ಮೋಡ್ ಪಟ್ಟಿಯಲ್ಲಿ ಸಿಗುತ್ತದೆ. ಹೊಸಬರಿಗೆಂದು ಮಾಡಿದ ಕಡಿಮೆ ಬೆಲೆಯ ಮಾದರಿಗಳಲ್ಲಿ ಸಾಮಾನ್ಯವಾಗಿ ಮೂರು ಚಿತ್ರ, ಎರಡು ಸ್ಟಾಪ್ ಅಂತರ. ಹಾಗಿದ್ದರೆ ಎರಡು ಕಂತು ಮಾಡಿ. ನಡುವಿನ ಚಿತ್ರವನ್ನು 1/125ಕ್ಕೆ ಇಟ್ಟು ಒಂದು ಕಂತು, 1/2 ಸೆಕೆಂಡಿಗೆ ಇಟ್ಟು ಇನ್ನೊಂದು. ಆರೂ ಬಂದುಬಿಡುತ್ತವೆ. ಕ್ಯಾನನ್‌ನಲ್ಲಿ ಟೈಮರ್ ಜೊತೆ ಬಳಸಿದರೆ ಒಂದೇ ಒತ್ತಿಗೆ ಮೂರೂ ಚಿತ್ರಗಳು ಸಾಲಾಗಿ ಬೀಳುತ್ತವೆ. ನಿಕಾನ್ ಡಿ3500ನಂತಹ ಕೆಲವು ಕ್ಯಾಮೆರಾಗಳಲ್ಲಿ ಈ ಸೌಲಭ್ಯವೇ ಇಲ್ಲ; ಅಂಥವು ಇರುವವರಿಗೆ ಡಯಲೇ ಗತಿ, ಬೆರಳು ಹಗುರವಾಗಿರಲಿ.

ಇಡೀ ಸರಣಿ ಒಂದು ನಿಮಿಷದೊಳಗೆ ಮುಗಿಯಲಿ. ನಡುವೆ ಮೋಡ ಅಡ್ಡ ಬಂದರೆ ಮುಲಾಜಿಲ್ಲದೆ ಮೊದಲಿನಿಂದ ಶುರು ಮಾಡಿ. ಮನೆಯವರಿಗೆ ಒಂದು ಮಾತು ಹೇಳಿ ಅಡ್ಡಾಡದಂತೆ ನೋಡಿಕೊಳ್ಳಬಹುದು. ಬೆಕ್ಕಿಗೆ ಹೇಳುವುದು ಕಷ್ಟ. ಒಮ್ಮೆ ಅದು ಮೂರನೆಯ ಚಿತ್ರದಲ್ಲಿ ಜಗಲಿ ಇಳಿದು, ನಾಲ್ಕನೆಯದರಲ್ಲಿ ಹಪ್ಪಳ ಮೂಸಿ, ಐದನೆಯದರಲ್ಲಿ ಕಂಬದ ಹಿಂದೆ ಹೋಯಿತು. ಬೆಸೆದ ಚಿತ್ರದಲ್ಲಿ ಪಾರದರ್ಶಕವಾದ ಮೂರು ಬೆಕ್ಕುಗಳು.

ಟ್ರೈಪಾಡ್ ಇಲ್ಲದಾಗ, ಕೈಯಲ್ಲಿ ಮೊಬೈಲ್ ಇದ್ದಾಗ

ಬಾದಾಮಿಯ ಮೂರನೆಯ ಗುಹೆಯಲ್ಲೂ ಇದೇ ಪೇಚು: ಒಳಗೆ ಕ್ರಿ.ಶ. 578ರ ಶಾಸನವಿರುವ ಕೆಂಪು ಮರಳುಗಲ್ಲಿನ ಮಬ್ಬು, ಹೊರಗೆ ಕಣ್ಣು ಕುಕ್ಕುವ ಬಿಸಿಲು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಅನುಮತಿ ಬೇಕಾಗುತ್ತದೆ. ಬಾಗಿಲಲ್ಲೇ ಕೇಳಿಕೊಂಡು ಹೋಗಿ. ಸಿಗದಿದ್ದರೆ ಐಎಸ್‌ಒ 800ಕ್ಕೆ ಏರಿಸಿ, ಅಪರ್ಚರ್ ಎಫ್/4ಕ್ಕೆ ತೆರೆದು, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಸತತ ಶೂಟಿಂಗ್‌ನಲ್ಲಿ ಮೂರು ಚಿತ್ರ ಹೊಡೆಯಿರಿ. ಅತಿ ನಿಧಾನದ ಚಿತ್ರ 1/30ಕ್ಕಿಂತ ಕೆಳಗೆ ಹೋಗದಿರಲಿ. ಮೂಲೆಗಳ ಕೊನೆಯ ಕತ್ತಲು ಇದರಲ್ಲಿ ಸಿಗುವುದಿಲ್ಲ, ಆದರೆ ಮಧ್ಯದ ಹಂತಗಳು ಸಿಗುತ್ತವೆ.

ಮೊಬೈಲ್‌ಗಳು ಈ ಕೆಲಸವನ್ನು ಎಂದೋ ಕಲಿತಿವೆ. ಐಫೋನ್‌ಗೆ ಎಚ್‌ಡಿಆರ್ ಬಂದದ್ದು 2010ರಲ್ಲಿ. ಗೂಗಲ್ ತನ್ನ ಫೋನ್‌ಗಳಲ್ಲಿ ಇನ್ನೊಂದು ದಾರಿ ಹಿಡಿಯಿತು: ಬೇರೆಬೇರೆ ಎಕ್ಸ್‌ಪೋಷರ್ ಬದಲು ಕಡಿಮೆ ಬೆಳಕಿನ ಹಲವು ಚಿತ್ರಗಳನ್ನು ಕ್ಷಣಾರ್ಧದಲ್ಲಿ ತೆಗೆದು ಸರಾಸರಿ ಮಾಡಿ ನಾಯ್ಸ್ ಕಳೆಯುವುದು. ಮೊಬೈಲ್‌ನಲ್ಲಿ ನೀವು ಮಾಡಬೇಕಾದದ್ದು ಇಷ್ಟೇ: ಪರದೆಯ ಮೇಲೆ ಅಂಗಳದ ಬಿಸಿಲನ್ನು ಮುಟ್ಟಿ ಒತ್ತಿ ಹಿಡಿದು, ಬೆಳಕನ್ನು ಅಲ್ಲಿಗೆ ಕಟ್ಟಿಹಾಕಿ, ಆಮೇಲೆ ತೆಗೆಯಿರಿ. ನೆರಳನ್ನು ಫೋನ್ ಎತ್ತಿಕೊಡುತ್ತದೆ. ಸುಟ್ಟ ಬಿಳುಪನ್ನು ಯಾರೂ ತಂದುಕೊಡಲಾರರು.

ಬೆಸೆಯುವುದು

ಕಂಪ್ಯೂಟರಿನಲ್ಲಿ ಎರಡು ದಾರಿಗಳಿವೆ. ಮೊದಲನೆಯದು ನಿಜವಾದ ಎಚ್‌ಡಿಆರ್: ಆರು ಚಿತ್ರಗಳಿಂದ ಬೆಳಕಿನ ಪೂರ್ಣ ವ್ಯಾಪ್ತಿಯ ಒಂದು ದೊಡ್ಡ ಕಡತ ಕಟ್ಟಿ, ಆಮೇಲೆ ಅದನ್ನು ಪರದೆ ತೋರಿಸಬಲ್ಲ ಮಿತಿಗೆ ಕುಗ್ಗಿಸುವುದು. ಈ ಕುಗ್ಗಿಸುವಿಕೆಯೇ ಟೋನ್ ಮ್ಯಾಪಿಂಗ್. ಎರಡನೆಯದು ಎಕ್ಸ್‌ಪೋಷರ್ ಫ್ಯೂಷನ್. 2007ರಲ್ಲಿ ಪ್ರಕಟವಾದ ಈ ವಿಧಾನದಲ್ಲಿ ದೊಡ್ಡ ಕಡತವೇ ಇಲ್ಲ. ಪ್ರತಿ ಬಿಂದುವಿಗೂ ಯಾವ ಚಿತ್ರದಲ್ಲಿ ವಿವರ, ಬಣ್ಣ, ಬೆಳಕು ಹದವಾಗಿದೆ ಎಂದು ತೂಗಿ ನೇರವಾಗಿ ಬೆರೆಸುತ್ತದೆ. ಉಚಿತ ತಂತ್ರಾಂಶವಾದ ಎನ್‌ಫ್ಯೂಸ್ ಮಾಡುವುದು ಇದನ್ನೇ. ಪನೋರಮಾ ಜೋಡಿಸುವ ಹ್ಯೂಗಿನ್ ಜೊತೆಗೆ ಅದೂ ಬರುತ್ತದೆ. ಹೆಚ್ಚು ತಿರುಪು ಇಲ್ಲದ್ದರಿಂದ ಕೆಡಿಸುವ ಅವಕಾಶವೂ ಕಡಿಮೆ.

ಹಣ ಕೊಟ್ಟು ಪಡೆಯುವ ಲೈಟ್‌ರೂಮ್ ತಂತ್ರಾಂಶ ಇರುವವರಿಗೆ ಕೆಲಸ ಬಹಳ ಸಲೀಸು. ಆರೂ ಚಿತ್ರ ಆಯ್ದು, ಬಲಗುಂಡಿ ಒತ್ತಿ, ಫೋಟೋ ಮರ್ಜ್ ಅಡಿಯಲ್ಲಿ ಎಚ್‌ಡಿಆರ್ ಆರಿಸಿ. ಆಟೋ ಅಲೈನ್ ಟಿಕ್ ಮಾಡಿ. ಅಲುಗಿದ್ದರ ಇಮ್ಮಡಿ ಅಚ್ಚನ್ನು ಅಳಿಸುವ ಡಿಘೋಸ್ಟ್ ಅನ್ನು ಮೊದಲು ನನ್ (ಬೇಡ) ಎಂದೇ ಇಡಿ. ತುಳಸಿಯ ಎಲೆ ಗಾಳಿಗೆ ಅಲುಗಿ ಎರಡೆರಡು ಕಾಣುತ್ತಿದ್ದರೆ ಮಾತ್ರ ಲೋ (ಕಡಿಮೆ). ಇದು ಅಲುಗಿದ ಜಾಗಕ್ಕೆ ಒಂದೇ ಚಿತ್ರವನ್ನು ನೆಚ್ಚಿಕೊಳ್ಳುತ್ತದೆ. ಜೋರು ಮಾಡಿದಷ್ಟೂ ಅಲ್ಲಿ ನಾಯ್ಸ್ ಮರಳುತ್ತದೆ. ಸಿಗುವುದು ರಾ ಬಗೆಯದೇ ಆದ ಡಿಎನ್‌ಜಿ ಕಡತ. ಇದರಲ್ಲಿ ಎಕ್ಸ್‌ಪೋಷರ್ ಪಟ್ಟಿ ಎಂದಿನ 5ರ ಬದಲು 10 ಸ್ಟಾಪ್‌ವರೆಗೆ ಎರಡೂ ಕಡೆ ಚಲಿಸುತ್ತದೆ.

ಹಣ ಕೊಡಲು ಮನಸ್ಸಿಲ್ಲದವರಿಗೆ ಲ್ಯೂಮಿನನ್ಸ್ ಎಚ್‌ಡಿಆರ್. ಹೊಸ ಎಚ್‌ಡಿಆರ್ ಚಿತ್ರ ಎಂಬ ಗುಂಡಿ ಒತ್ತಿ, ಆರೂ ಕಡತ ತುಂಬಿಸಿ. ಷಟರ್ ವೇಗವನ್ನು ಅದು ಕಡತದಿಂದಲೇ ಓದಿಕೊಳ್ಳುತ್ತದೆ. ಚಿತ್ರಗಳನ್ನು ಹೊಂದಿಸುವ ಆಯ್ಕೆ ಟಿಕ್ ಮಾಡಿ ಮುಂದುವರಿಯಿರಿ. ಆಮೇಲೆ ಬರುವ ಪಟ್ಟಿಯಲ್ಲಿ ಹಲವು ಟೋನ್ ಮ್ಯಾಪಿಂಗ್ ವಿಧಾನಗಳಿವೆ, ಹೆಸರುಗಳೆಲ್ಲ ಅವನ್ನು ರೂಪಿಸಿದವರವು. ಫಟ್ಟಾಲ್ ನಾಟಕೀಯ, ಮಾಂಟ್ಯುಕ್ ವಿವರ ಉಬ್ಬಿಸುವಂಥದ್ದು, ರೈನ್‌ಹಾರ್ಡ್ ಸೌಮ್ಯ. ಮನೆಯ ಒಳಾಂಗಣಕ್ಕೆ ನಾನು ರೈನ್‌ಹಾರ್ಡ್‌ನಿಂದಲೇ ಶುರು ಮಾಡುತ್ತೇನೆ. ಇನ್ನೊಂದು ಉಚಿತ ತಂತ್ರಾಂಶವಾದ ಡಾರ್ಕ್‌ಟೇಬಲ್‌ನಲ್ಲೂ ಬೆಸೆಯಬಹುದು, ಆದರೆ ಅದು ಚಿತ್ರಗಳನ್ನು ಹೊಂದಿಸಿಕೊಡುವುದಿಲ್ಲ. ಕೈಯಲ್ಲಿ ಹಿಡಿದು ತೆಗೆದ ಚಿತ್ರಗಳಿಗೆ ಅದು ಹೇಳಿದ್ದಲ್ಲ.

ಎಲ್ಲಿ ನಿಲ್ಲಿಸಬೇಕು

ಬೆಸೆದ ಮೊದಲ ದಿನ ನಾನು ನೆರಳಿನ ಪಟ್ಟಿಯನ್ನು ಪೂರಾ ಬಲಕ್ಕೆ, ಬಿಳುಪಿನ ಪಟ್ಟಿಯನ್ನು ಪೂರಾ ಎಡಕ್ಕೆ ಎಳೆದು, ಬಣ್ಣವನ್ನೂ ಸ್ವಲ್ಪ ಏರಿಸಿ, ಮೆಟ್ಟಿಲ ಕೆಳಗಿನ ಬೀಸುವ ಕಲ್ಲು ಕೂಡ ಫಳಫಳ ಹೊಳೆಯುವಂತೆ ಮಾಡಿ ದೊಡ್ಡಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಎರಡು ನಿಮಿಷ ನೋಡಿದರು. “ನಮ್ಮ ಮನೆಯಲ್ಲಿ ಇಷ್ಟು ಬೆಳಕು ಎಲ್ಲಿದೆಯೋ? ಯಾರದೋ ಮದುವೆ ಛತ್ರದ ಹಾಗಿದೆ.”

ಎಚ್‌ಡಿಆರ್ ಕುರಿತು ನಾನು ಓದಿದ ಯಾವುದೂ ಇಷ್ಟು ಸರಿಯಾಗಿ ಹೇಳಿರಲಿಲ್ಲ. ತೊಟ್ಟಿಮನೆ ತಂಪಾಗಿರುವುದೇ ಅದು ಕತ್ತಲಾಗಿರುವುದರಿಂದ. ನೆರಳನ್ನು ಅಂಗಳದಷ್ಟೇ ಬೆಳಗಿಸಿದರೆ ಬಿಸಿಲಿಗೆ ಬೆಲೆಯೇ ಇರುವುದಿಲ್ಲ. ನೆರಳಿನಲ್ಲಿ ವಿವರ ಇರಬೇಕು, ಆದರೆ ನೋಡುವವರು ಹುಡುಕಿದ ಮೇಲೆ ಸಿಗಬೇಕು.

ಮತ್ತೆ ಮಾಡುವಾಗ ಕ್ರಮ ಬದಲಿಸಿದೆ. ಮೊದಲು ಬಿಳುಪನ್ನು ಪಂಚೆಯ ನೇಯ್ಗೆ ಕಾಣುವವರೆಗೆ ಮಾತ್ರ ಇಳಿಸಿದೆ. ಆಮೇಲೆ ಕಪ್ಪಿನ ಪಟ್ಟಿ ಹಿಡಿದು, ಚಿತ್ರದಲ್ಲಿ ಎಲ್ಲೋ ಒಂದೆರಡು ಕಡೆಯಾದರೂ ಅಚ್ಚ ಕಪ್ಪು ಉಳಿಯುವಂತೆ ನೋಡಿಕೊಂಡೆ. ನನಗೆ ಅದು ಮೆಟ್ಟಿಲ ಹಿಂಭಾಗ. ಇವೆರಡು ಗೂಟ ನೆಟ್ಟ ಮೇಲೆ ನೆರಳನ್ನು ನಿಧಾನಕ್ಕೆ ಏರಿಸುತ್ತಾ, ಅಂಗಳಕ್ಕಿಂತ ಪಡಸಾಲೆ ಮೂರು ಸ್ಟಾಪ್‌ನಷ್ಟು ಮಬ್ಬಾಗಿ ಕಾಣುವಲ್ಲಿ ನಿಲ್ಲಿಸಿದೆ. ಮೂರು ಎಂಬುದು ಶಾಸ್ತ್ರವಲ್ಲ, ನನ್ನ ಕಣ್ಣಿನ ಅಂದಾಜು.

ಕೊನೆಯ ತಪಾಸಣೆಗೆ ಚಿತ್ರವನ್ನು ನೂರಕ್ಕೆ ನೂರು ಅಳತೆಗೆ ಹಿಗ್ಗಿಸಿ. ಹಂಚಿನ ಅಂಚು ಆಕಾಶಕ್ಕೆ ತಾಗುವ ಗೆರೆಯನ್ನು ಒಮ್ಮೆ ಪೂರ್ತಿ ಸವರಿಕೊಂಡು ಹೋಗಿ. ಅಲ್ಲಿ ದೇವರ ಪಟದ ಪ್ರಭೆಯಂತೆ ಬಿಳಿ ಗೆರೆ ಎದ್ದಿದ್ದರೆ ಅದನ್ನು ಹ್ಯಾಲೋ ಎನ್ನುತ್ತಾರೆ. ಟೋನ್ ಮ್ಯಾಪಿಂಗ್ ಅತಿಯಾಯಿತು ಎಂಬುದಕ್ಕೆ ಅದೇ ಸಾಕ್ಷಿ. ಸುಣ್ಣದ ಗೋಡೆ ಕೊಳಕು ಬೂದಿಯಾಗಿದ್ದರೆ ಬಿಳುಪನ್ನು ಹೆಚ್ಚು ಇಳಿಸಿದ್ದೀರಿ. ಕೆಂಪು ನೆಲ ಕುಂಕುಮದಂತೆ ಉರಿಯುತ್ತಿದ್ದರೆ ಬಣ್ಣ ತಗ್ಗಿಸಿ. ಇಷ್ಟು ಮಾಡಿ ಕಂಪ್ಯೂಟರ್ ಆರಿಸಿಬಿಡಿ. ರಾತ್ರಿ ಹನ್ನೊಂದಕ್ಕೆ ಭೇಷ್ ಎನಿಸಿದ ಚಿತ್ರ ಬೆಳಿಗ್ಗೆ ಕಾಫಿ ಕುಡಿಯುತ್ತಾ ನೋಡುವಾಗ ಸಿನಿಮಾ ಭಿತ್ತಿಪತ್ರದಂತೆ ಕಂಡದ್ದು ನನಗೆ ಒಂದೆರಡು ಸಲವಲ್ಲ.

ಉಳಿಸಿಕೊಳ್ಳುವಾಗ ಬಣ್ಣದ ಹಂತಗಳು ಹೆಚ್ಚು ಉಳಿಯುವ 16 ಬಿಟ್‌ನ ಟಿಫ್ ಒಂದು ಪ್ರತಿ ಇರಲಿ, ಹಂಚಿಕೊಳ್ಳಲು ಸಾಮಾನ್ಯ ಪರದೆಗಳಿಗೆ ಹೊಂದುವ ಎಸ್‌ಆರ್‌ಜಿಬಿ ಬಣ್ಣದ ಜೆಪೆಗ್ ಇನ್ನೊಂದು. ಆರು ಮೂಲ ಕಡತಗಳನ್ನು ಅಳಿಸಬೇಡಿ. ಕಾಗದದ ಮೇಲೆ ಮುದ್ರಿಸುವುದಾದರೆ, ಕಾಗದ ಪರದೆಯಂತೆ ತಾನಾಗಿ ಬೆಳಗುವುದಿಲ್ಲ ಎಂಬುದು ನೆನಪಿರಲಿ. ನೆರಳುಗಳು ಇನ್ನಷ್ಟು ಆಳಕ್ಕೆ ಇಳಿಯುತ್ತವೆ. ಮೊದಲು ಅಂಗೈಯಗಲದ ಒಂದು ಮಾದರಿ ತೆಗೆಸಿ, ಚಿತ್ರ ತೂಗುವ ಗೋಡೆಯ ಬಳಿಯೇ ಹಿಡಿದು ನೋಡಿ. ದೊಡ್ಡಮ್ಮನಿಗೆ ಕೊಟ್ಟ ಪ್ರತಿ ಅದೇ ಪಡಸಾಲೆಯ ಗೋಡೆಗೆ ಹೋಗುವುದಿತ್ತು. ಆ ಮಬ್ಬಿನಲ್ಲಿ ನೋಡಲೆಂದೇ ಅರ್ಧ ಸ್ಟಾಪ್ ಏರಿಸಿ ಮುದ್ರಿಸಬೇಕಾಯಿತು.